ಗುರುವಾರದ ಗೆರೆ

ಬಿಷ್ಕೆಕ್‌ನಲ್ಲಿ ಜನವರಿಯೆಂದರೆ
ಬೆಟ್ಟಗಳು ಕಳೆದುಹೋಗುವ ತಿಂಗಳು.
ಮೊನ್ನೆ ದಕ್ಷಿಣಕ್ಕೆ ನಿಂತಿದ್ದ ಹಿಮದ ಸಾಲು
ಇವತ್ತಿಲ್ಲ. ಯಾರೂ ದೂರು ಕೊಡಲಿಲ್ಲ.
ಬಸ್ಸಿನ ಕಿಟಕಿ ಒರೆಸಿದ ಕೈಗವಸು ಕಪ್ಪು.

ನನ್ನ ಚೀಲದಲ್ಲಿ ಒಂದು ಪಂಪು, ಎರಡು ಸೆನ್ಸರು,
ಡಬ್ಬಿಯೊಳಗೆ ನಾಣ್ಯದಗಲದ ಬಿಳೀ ಫಿಲ್ಟರು.
ಲ್ಯಾಬಿನಲ್ಲಿ ಚಿಮಟದಿಂದ ಎತ್ತಿ
ತಕ್ಕಡಿಗಿಡುವಾಗ ಉಸಿರು ಬಿಗಿಹಿಡಿಯಬೇಕು.
ಊರು ಉಸಿರಾಡಿದ್ದನ್ನು ತೂಗುವವಳು
ತಾನು ಉಸಿರಾಡಕೂಡದು.

ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಕೆಲಸ ನಿಂದು,
ಅನ್ನುತ್ತಾನೆ ಅಣ್ಣ. ಅವನದು ಕಲ್ಲಿದ್ದಲ ಲಾರಿ.
ನನ್ನ ಕಾಲೇಜಿನ ಫೀಜು ಕಟ್ಟಿದ್ದೂ
ಅದೇ ಲಾರಿ.

ಐದನೇ ಮಹಡಿ. ಲಿಫ್ಟಿಲ್ಲ.
ಬುರುಲ್ಕಾನ್ ಅಪಾ ಕೆಮ್ಮುತ್ತಲೇ ಬಾಗಿಲು ತೆಗೆದರು,
ಏಪ್ರಿಕಾಟ್ ಜ್ಯಾಮಿನ ಬಾಟಲಿ ಸರಿಸಿ
ಕಪಾಟಿನ ಮೇಲೆ ಪಂಪಿಗೆ ಜಾಗ ಮಾಡಿದರು.
"ಇದು ನಮ್ಮ ಮಾತು ಕೇಳಿಸಿಕೊಳ್ಳುತ್ತದೇನೇ ಕುಂದುಜ್?"
ಇಲ್ಲ ಅಪಾ, ಬರೀ ಮೂಸುತ್ತದೆ.
"ಹಾಗಾದರೆ ಸರಿ. ಮೂಸಲಿ."

ಒಂದು ಹಾಳೆಯನ್ನೂ ಕೊಟ್ಟೆ, ದಿನಕ್ಕೊಂದು ಸಾಲು:
ಒಲೆ ಹಚ್ಚಿದ್ದು ಯಾವಾಗ, ಕಿಟಕಿ ತೆರೆದದ್ದು ಯಾವಾಗ,
ಮನೆಯಲ್ಲಿ ಎಷ್ಟು ಜನ.

ಮೂರು ವಾರವಾದ ಮೇಲೆ ಪರದೆಯ ಮೇಲೆ ಎರಡು ಗೆರೆ:
ಬೀದಿಯದೊಂದು, ಮನೆಯದೊಂದು.
ಬೀದಿಯ ಹೊಗೆ ಏರಿದ ಗಂಟೆಗೆಲ್ಲ
ಒಳಗಿನದೂ ಏರುತ್ತದೆ, ಅರ್ಧದಷ್ಟು;
ಕಿಟಕಿಯ ಸಂದಿಗೆ ಹತ್ತಿ ತುರುಕಿದ್ದರೂ
ಸಾಲ ಕೇಳಲು ಬಂದ ನೆಂಟನಂತೆ
ಒಳಗೆ ಬಂದು ಕೂತಿರುತ್ತದೆ.
ಇದು ಎಲ್ಲ ಮನೆಯ ಕತೆ.

ಆದರೆ ಗುರುವಾರ ಸಂಜೆ ಆರೂವರೆಗೆ
ಬೀದಿಯ ಗೆರೆ ಸುಮ್ಮನಿರುವಾಗ
ಮನೆಯ ಗೆರೆ ಎದ್ದು ನಿಲ್ಲುತ್ತದೆ. ನಾನೂರು. ಆರುನೂರು.
ಮುಂದಿನ ಗುರುವಾರವೂ. ಅದರ ಮುಂದಿನದೂ.
ಹಾಳೆಯಲ್ಲಿ ಒಲೆಯ ಕಲಂ ಖಾಲಿ,
ಕಿಟಕಿಯದೂ ಖಾಲಿ.
ಜನ ಎಷ್ಟು ಅನ್ನುವಲ್ಲಿ, ಉಳಿದ ದಿನವೆಲ್ಲ ಒಂದು,
ಗುರುವಾರ ಮಾತ್ರ ಎರಡು.

ಕೇಳಿದೆ.
"ಎಣ್ಣೆ ಕಾಯಿಸುತ್ತೇನೆ. ಏಳು ರೊಟ್ಟಿ ಕರಿಯುತ್ತೇನೆ.
ಹಸಿವಿಗಲ್ಲ, ವಾಸನೆಗೆ.
ಸತ್ತವರು ಏನು ತಿಂದಾರು? ಕಾದೆಣ್ಣೆಯ ಘಮ ಒಂದೇ
ಅವರಿಗೆ ಮುಟ್ಟುವುದು. ನಿಮ್ಮಜ್ಜಿ ಹೇಳಲಿಲ್ಲವಾ?"

ಹೇಳಿದ್ದಳು. ನಮ್ಮ ಮನೆಯಲ್ಲೂ ಕರಿಯುತ್ತಿದ್ದರು.
ನಾನದನ್ನು ಮರೆತೂ ಇರಲಿಲ್ಲ,
ಗ್ರಾಫಿನಲ್ಲಿ ಗುರುತು ಹತ್ತಲಿಲ್ಲ ಅಷ್ಟೆ.

"ಮೂವತ್ತೊಂದು ವರ್ಷ ಬಾಯ್ಲರಿಗೆ ಕಲ್ಲಿದ್ದಲು ಒಡ್ಡಿದವನು.
ಊರೆಲ್ಲ ಬೆಚ್ಚಗಿತ್ತು, ಅವನ ಎದೆ ಸೀಳಿತ್ತು.
ವಾರಕ್ಕೊಮ್ಮೆ ಏನಾದರೂ ಒಳ್ಳೆಯದು ಮೂಸಲಿ ಬಿಡು."
ಕಿಟಕಿಯನ್ನಾದರೂ ತೆರೆಯಬಹುದಲ್ಲ ಅಪಾ?
"ತೆರೆದರೆ ಊರ ಹೊಗೆ ಕಲಸಿಕೊಳ್ಳುತ್ತೆ.
ಯಾವುದು ನಮ್ಮ ಮನೆ ಅಂತ ಅವನಿಗೆ
ಹೇಗೆ ತಿಳಿಯಬೇಕು?"

ನನ್ನ ವರದಿಯಲ್ಲಿ ಎರಡೇ ಕಲಂ:
ಮೂಲ. ಪರಿಹಾರ.
ಮೊದಲನೆಯದರಲ್ಲಿ ಬರೆದೆ: ಕರಿಯುವ ಎಣ್ಣೆ.
ಎರಡನೆಯದರ ಮೇಲೆ ಪೆನ್ನು ಒಣಗಿತು.
ಸುಳ್ಳು ಬರೆಯುವಂತಿಲ್ಲ. ಆ ಕೆಮ್ಮು ನಿಜ.
ಕೂದಲ ಮೂವತ್ತನೇ ಪಾಲಿನ ಕಣಕ್ಕೆ
ಪ್ರಾರ್ಥನೆ ಯಾವುದು, ಲಾರಿ ಯಾವುದು
ಗೊತ್ತಿಲ್ಲ; ಸಿಕ್ಕ ಶ್ವಾಸಕೋಶದಲ್ಲಿ ಇಳಿಯುತ್ತದೆ.
ಅದನ್ನೇ ಹೇಳಿದೆ, ಆದಷ್ಟು ಮೆತ್ತಗೆ.

ಅಪಾ ಬಾಣಲೆ ಇಳಿಸಿ ಬೆರಳಲ್ಲಿ ಅಗಲ ಅಳೆದರು.
"ಇದಕ್ಕಿಂತ ಚಿಕ್ಕದೊಂದಿದೆ. ಅದನ್ನಿಡುತ್ತೇನೆ.
ಏಳು ಮಾತ್ರ ಏಳೇ."

ಕೊನೆಯ ಫಿಲ್ಟರನ್ನು ಲ್ಯಾಬಿಗೆ ತಂದೆ.
ಬಿಳಿ ಹೋಗಿ ಬೂದಿ, ಅಂಚಿನಲ್ಲಿ ಚಹಾದ ಬಣ್ಣ.
ತಕ್ಕಡಿಗಿಡುವ ಮುಂಚೆ, ನಿಯಮಕ್ಕೆ ವಿರುದ್ಧವಾಗಿ,
ಮೂಗಿನ ಹತ್ತಿರ ತಂದೆ.

ಎಣ್ಣೆಯೂ ಇರಲಿಲ್ಲ, ರೊಟ್ಟಿಯೂ ಇರಲಿಲ್ಲ.
ಬಹುಶಃ ಮುಟ್ಟಬೇಕಾದಲ್ಲಿಗೆ ಮುಟ್ಟಿತ್ತು,
ಬಹುಶಃ ನನ್ನ ಮೂಗೇ ಈ ಊರಿನದು.

ಉಸಿರು ಬಿಗಿಹಿಡಿದೆ.
ಎಂಟುನೂರ ಹನ್ನೆರಡು ಮೈಕ್ರೋಗ್ರಾಂ.
ಬರೆದುಕೊಂಡೆ.